ಶಸ್ತ್ರವೈದ್ಯನಾದ ಆಂಬ್ರ್ವಾಜ್ ಪಾರೆ ಎಂಬಾತನ ಚರಿತ್ರೆ

ನಮ್ಮ ನಾಡಿನಲ್ಲಿ ಎಣ್ಣೆಯ ಕುಡಿಕೆಯಿಲ್ಲದ ಮನೆಯಿಲ್ಲ. ಮಗುವು ಬಿದ್ದು ಮೊಣಕಾಲನ್ನು ತರಚಿಕೊಂಡರೂ, ಹೊಲದಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡರೂ, ಒಲೆಯ ಮುಂದೆ ಕೈ ಸುಟ್ಟುಕೊಂಡರೂ ತಾಯಂದಿರ ಕೈಯು ಮೊದಲು ಚಾಚುವುದು ಆ ಕುಡಿಕೆಯ ಕಡೆಗೇ. ಹೊಂಗೆಯೆಣ್ಣೆ, ಬೇವಿನೆಣ್ಣೆ, ಹರಳೆಣ್ಣೆ, ಕೊಬ್ಬರಿಯೆಣ್ಣೆ ಇವುಗಳಲ್ಲಿ ಯಾವುದಾದರೊಂದಕ್ಕೆ ಚಿಟಿಕೆ ಅರಿಸಿನವನ್ನು ಕಲಸಿ ಹಚ್ಚಿದರೆ ಗಾಯವು ಮಾಯುವುದೆಂಬ ನಂಬಿಕೆಯು ಹಿರಿಯರಿಂದ ನಮಗೆ ಬಂದುದಾಗಿದೆ. ನಾವೂ ಆ ನಂಬಿಕೆಯಲ್ಲಿಯೇ ಬೆಳೆದವರು. ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯು ನಮ್ಮ ಪಾಲಿಗೆ ಬಂದಿದ್ದ ದಿನಗಳಲ್ಲಿ, ಆಟದ ಬಯಲಿನಲ್ಲಿ ಬಿದ್ದು ಅಳುತ್ತ ಬಂದ ಹುಡುಗಿಯರ ಗಾಯಗಳಿಗೆ ಬೆಚ್ಚಗೆ ಮಾಡಿದ ಎಣ್ಣೆಯನ್ನು ನಮ್ಮ ಕೈಯಾರೆ ಹಚ್ಚಿದ್ದುಂಟು. ಸತ್ಯವೇದದಲ್ಲಿ ಬರುವ ಕರುಣಾಶಾಲಿಯಾದ ಸಮಾರ್ಯದವನು ಸಹ ದಾರಿಯಲ್ಲಿ ಬಿದ್ದಿದ್ದ ಪರಕೀಯನ ಗಾಯಗಳಿಗೆ ಎಣ್ಣೆಯನ್ನು ಹೊಯ್ದು ಕಟ್ಟಿದನೆಂಬುದನ್ನು ನಮ್ಮ ಮಕ್ಕಳು ಕೆಳಗಿನ ತರಗತಿಗಳಲ್ಲಿಯೇ ಕಲಿತಿರುವರು. ಹೀಗಿರಲಾಗಿ, ಎಣ್ಣೆಯನ್ನು ಹಚ್ಚುವ ಕೈಯು ಪ್ರೀತಿಯ ಕೈ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರೀತಿಯೊಂದೇ ಸಾಲದು, ಅದಕ್ಕೆ ಕಣ್ಣೂ ಬೇಕು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕಾಯಿತು.

ನಮ್ಮ ಶಾಲೆಯಲ್ಲಿ ಓದಿ, ಈಗ ತನ್ನದೇ ಸಂಸಾರವನ್ನು ನಡೆಸುತ್ತಿರುವ ಓರ್ವ ಹಳೆಯ ವಿದ್ಯಾರ್ಥಿನಿಯು ನಮಗೊಂದು ಕಾಗದವನ್ನು ಬರೆದಳು. ಆಕೆಯ ತವರೂರು ಮಾಗಡಿ ಸೀಮೆಯ ಗುಡೇಮಾರನಹಳ್ಳಿ. ಆಕೆಯ ತಂದೆಗೆ ಹರ್ನಿಯಾ ಎಂಬ ವ್ಯಾಧಿಯಿದ್ದಿತು. ಹೊಟ್ಟೆಯ ಗೋಡೆಯು ದುರ್ಬಲವಾದೆಡೆಯಲ್ಲಿ ಒಳಗಿನ ಕರುಳು ಹೊರಕ್ಕೆ ಉಬ್ಬಿಬರುವುದೇ ಈ ವ್ಯಾಧಿಯು. ಶಸ್ತ್ರವೈದ್ಯರು ಆ ಸ್ಥಳವನ್ನು ತೆರೆದು, ಸಣ್ಣ ಕಣ್ಣುಗಳುಳ್ಳ ಒಂದು ಬಲೆಯನ್ನು ಒಳಗಿರಿಸಿ ಹೊಲಿದು ಕಳುಹಿಸಿದರು. ಗಾಯವನ್ನು ಒಣಗಿದಂತಿಡಬೇಕು, ಹೇಳದೆ ಏನನ್ನೂ ಹಚ್ಚಬಾರದು ಎಂದೂ ತಿಳಿಸಿದ್ದರು. ಆದರೆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದಳು. ಮಗನ ನೋವನ್ನು ನೋಡಲಾರದೆ, ಹೊಲಿಗೆಗಳ ಮೇಲೆ ಹೊಂಗೆಯೆಣ್ಣೆಯನ್ನೂ ಅರಿಸಿನವನ್ನೂ ದಿನಕ್ಕೆರಡು ಬಾರಿ ಹಚ್ಚಿದಳು. ಕೆಲವು ದಿನಗಳಲ್ಲಿ ಗಾಯವು ಕೆಂಪಾಗಿ, ಊದಿ, ಕೀವು ಸುರಿಯತೊಡಗಿತು. ಬಹುಕಾಲ ಶುಶ್ರೂಷೆ ನಡೆದು, ಕಡೆಗೆ ಒಳಗಿನ ಬಲೆಯನ್ನು ತೆಗೆಯಬೇಕಾಯಿತು. ತಂದೆಯು ಬದುಕಿಕೊಂಡನು. ಆದರೆ ಅಜ್ಜಿಯು ಅಂದಿನಿಂದ ತಾನೇ ಮಗನಿಗೆ ವಿಷವಿಟ್ಟವಳೆಂದು ಕೊರಗಿ ಊಟವನ್ನು ಬಿಟ್ಟಿದ್ದಳು. ಎಣ್ಣೆಯೇ ಇದಕ್ಕೆಲ್ಲ ಕಾರಣವೋ, ಅಜ್ಜಿಗೆ ಏನೆಂದು ಹೇಳಬೇಕು ಎಂದು ಆ ಹುಡುಗಿಯು ನಮ್ಮನ್ನು ಕೇಳಿದ್ದಳು.

ನಾವು ವೈದ್ಯರಲ್ಲ, ಉಪಾಧ್ಯಾಯಿನಿಯರು. ಆದಕಾರಣ ನಮಗೆ ತಿಳಿದ ದಾರಿಯಲ್ಲಿಯೇ ಉತ್ತರವನ್ನು ಕೊಟ್ಟೆವು. ಎಣ್ಣೆಯನ್ನು ನಂಬಿ ಗಾಯಾಳುಗಳನ್ನು ನೋಯಿಸಿ, ಬಳಿಕ ಒಂದು ರಾತ್ರಿಯಲ್ಲಿ ತನ್ನ ತಪ್ಪನ್ನು ಕಂಡುಕೊಂಡು, ಲೋಕಕ್ಕೇ ಉಪಕಾರಿಯಾದ ಮಹಾಪುರುಷನೊಬ್ಬನ ಚರಿತ್ರೆಯನ್ನು ಬರೆದು ಕಳುಹಿಸಿದೆವು. ಅದನ್ನೇ ಈ ಸ್ಮರಣ ಸಂಚಿಕೆಯ ವಾಚಕರಿಗಾಗಿ ಕೊಂಚ ವಿಸ್ತರಿಸಿ ಇಲ್ಲಿ ಕೊಟ್ಟಿರುತ್ತೇವೆ.

ಆಂಬ್ರ್ವಾಜ್ ಪಾರೆಯು ಸುಮಾರು 1510ರಲ್ಲಿ ಫ್ರಾನ್ಸ್ ದೇಶದ ಲಾವಾಲ್ ಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ ಹುಟ್ಟಿದನು. ಮನೆತನವು ಸಾಮಾನ್ಯವಾದುದು. ಆ ಕಾಲದಲ್ಲಿ ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಭಾಷೆಯನ್ನು ಕಲಿಯುವ ಭಾಗ್ಯವು ಆತನಿಗೆ ದೊರೆಯಲಿಲ್ಲ. ಅಂದು ವೈದ್ಯರೆಂದರೆ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಗ್ರಂಥಗಳನ್ನು ಓದಿ, ಉದ್ದ ನಿಲುವಂಗಿಯನ್ನು ತೊಟ್ಟು ರೋಗಿಗೆ ಸಲಹೆಯನ್ನು ಹೇಳುವವರು. ಕೊಯ್ಯುವುದು, ಕಟ್ಟುವುದು, ಹುಣ್ಣು ತೊಳೆಯುವುದು ಇವೆಲ್ಲವೂ ಕೈಕೆಲಸವೆಂದು ಎಣಿಸಲ್ಪಟ್ಟು, ಶಸ್ತ್ರಕಾರರಿಗೂ ಕ್ಷೌರಿಕರಿಗೂ ಬಿಡಲ್ಪಟ್ಟಿದ್ದುವು. ಪಾರೆಯು ಕ್ಷೌರಿಕ ಶಸ್ತ್ರಕಾರನೊಬ್ಬನಲ್ಲಿ ಶಿಷ್ಯನಾಗಿ ಸೇರಿ, ಗಡ್ಡ ಬೋಳಿಸುವುದರೊಡನೆ ಗಾಯ ಕಟ್ಟುವುದನ್ನೂ ಕಲಿತನು. ಬಳಿಕ ಪ್ಯಾರಿಸ್ ನಗರಕ್ಕೆ ಹೋಗಿ, ಓತೆಲ್ ದಿಯೂ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಸುಮಾರು ಮೂರು ವರ್ಷ ಸೇವೆ ಮಾಡಿದನು. ಬಡವರಿಂದ ಕಿಕ್ಕಿರಿದ ಆ ಆಸ್ಪತ್ರೆಯೇ ಆತನ ಪಾಠಶಾಲೆಯಾಯಿತು. ಅಲ್ಲಿನ ರೋಗಿಗಳೇ ಆತನ ಗ್ರಂಥಗಳಾದರು.

1537ನೆಯ ವರ್ಷವು ನಮ್ಮ ಸೀಮೆಯವರಿಗೆ ಮರೆಯಲಾರದ ವರ್ಷವು. ಹಿರಿಯ ಕೆಂಪೇಗೌಡನು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನೆಂದು ಹೇಳುವ ವರ್ಷವದು. ಆತನ ವಂಶದವರೇ ಮುಂದೆ ಮಾಗಡಿಯನ್ನು ತಮ್ಮ ನೆಲೆಯಾಗಿ ಮಾಡಿಕೊಂಡು ಆಳಿದರು. ಅದೇ ವರ್ಷದಲ್ಲಿ ಫ್ರಾನ್ಸಿನ ದೊರೆಯಾದ ಒಂದನೆಯ ಫ್ರಾನ್ಸಿಸನು ಇಟಲಿಯ ಟ್ಯೂರಿನ್ ಪ್ರಾಂತಕ್ಕೆ ದಂಡನ್ನು ಕಳುಹಿಸಿದನು. ಮೊಂತೆಜಾನ್ ಎಂಬ ಸೇನಾನಾಯಕನ ಶಸ್ತ್ರಕಾರನಾಗಿ ಪಾರೆಯೂ ಆ ದಂಡಿನೊಡನೆ ಹೊರಟನು. ಅದುವರೆಗೆ ಆತನು ಯುದ್ಧವನ್ನು ಕಂಡವನಲ್ಲ. ಕೋವಿಯ ಗುಂಡು ತಾಗಿದ ಗಾಯವನ್ನು ಮುಟ್ಟಿದವನೂ ಅಲ್ಲ.

ಗುಂಡಿನ ಗಾಯಕ್ಕೆ ಆ ಕಾಲದ ಚಿಕಿತ್ಸೆಯು ಎಂತಹುದೆಂಬುದನ್ನು ಓದಿದರೆ ಮೈ ನಡುಗುವುದು. ಸಿಡಿಮದ್ದಿನಲ್ಲಿ ವಿಷವಿರುವುದೆಂದೂ, ಆ ವಿಷವನ್ನು ಸುಟ್ಟಲ್ಲದೆ ಗಾಯವು ವಾಸಿಯಾಗದೆಂದೂ ಜೊವಾನ್ನಿ ದ ವೀಗೋ ಎಂಬ ಇಟಲಿಯ ಪ್ರಸಿದ್ಧ ಶಸ್ತ್ರಕಾರನು ತನ್ನ ಗ್ರಂಥದಲ್ಲಿ ಬರೆದಿದ್ದನು. ಎಲ್ಡರ್ ಎಂಬ ಯೂರೋಪಿನ ಗಿಡದ ಎಣ್ಣೆಗೆ, ಅನೇಕ ಮೂಲಿಕೆಗಳನ್ನು ಕೂಡಿಸಿ ಮಾಡಿದ ವಿಷಹರ ಲೇಹ್ಯವನ್ನು ಬೆರಸಿ, ಕುದಿಯುವಂತೆ ಕಾಯಿಸಿ, ಅದನ್ನು ಗಾಯದೊಳಕ್ಕೆ ಹೊಯ್ಯಬೇಕೆಂಬುದು ಆತನ ವಿಧಿಯು. ಪಾರೆಯು ಈ ವಿಧಿಯನ್ನು ಓದಿದ್ದನಾದರೂ, ಇದರಿಂದ ಗಾಯಾಳುವಿಗೆ ತಡೆಯಲಾರದ ನೋವಾಗುವುದೆಂದು ಅರಿತು, ಮೊದಲು ಇತರ ಶಸ್ತ್ರಕಾರರು ಹೇಗೆ ಮಾಡುತ್ತಾರೆಂಬುದನ್ನು ನೋಡಿದನು. ಅವರೆಲ್ಲರೂ ಎಣ್ಣೆಯನ್ನು ಸಾಧ್ಯವಾದಷ್ಟು ಕಾಯಿಸಿಯೇ ಹೊಯ್ಯುತ್ತಿದ್ದರು. ಹಿರಿಯರು ಮಾಡಿದಂತೆಯೇ ಈತನೂ ಧೈರ್ಯ ತಂದುಕೊಂಡು ಮಾಡಿದನು.

ಆದರೆ ಆ ದಿನದ ಕಾಳಗದಲ್ಲಿ ಗಾಯಗೊಂಡವರು ಬಹುಮಂದಿ. ಮಧ್ಯದಲ್ಲಿಯೇ ಎಣ್ಣೆಯು ತೀರಿಹೋಯಿತು. ಇನ್ನೂ ಅನೇಕರು ಕಾದು ಮಲಗಿದ್ದರು. ಪಾರೆಯು ಬೇರೆ ಗತಿಯಿಲ್ಲದೆ, ಮೊಟ್ಟೆಯ ಹಳದಿ, ಗುಲಾಬಿಯೆಣ್ಣೆ, ಟರ್ಪೆಂಟೈನ್ ಎಂಬ ಮರದ ರಾಳ ಇವು ಮೂರನ್ನೂ ಕಲಸಿ, ಕಾಯಿಸದೆಯೇ ಗಾಯಗಳಿಗೆ ಹಚ್ಚಿ ಕಟ್ಟಿದನು. ಆ ಕಾಲದ ಗುಲಾಬಿಯೆಣ್ಣೆಯೆಂದರೆ ಗುಲಾಬಿಯ ಎಸಳುಗಳನ್ನು ಆಲಿವ್ ಎಣ್ಣೆಯಲ್ಲಿ ನೆನೆಯಿಸಿ ತೆಗೆದುದು.

ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ. ಸುಡದೆ ಬಿಟ್ಟವರೆಲ್ಲರೂ ವಿಷವೇರಿ ಬೆಳಗಾಗುವುದರೊಳಗೆ ಸತ್ತಿರುವರೋ ಏನೋ, ತನ್ನ ಕೈಯಿಂದಲೇ ಇಷ್ಟು ಜೀವಗಳು ಹೋದುವಲ್ಲಾ ಎಂದು ಹೊರಳಾಡಿದನು. ಕತ್ತಲಿರುವಾಗಲೇ ಎದ್ದು ಗಾಯಾಳುಗಳ ಬಳಿಗೆ ಹೋದನು. ಅಲ್ಲಿ ಕಂಡುದು ಆತನು ಎಣಿಸಿದುದಕ್ಕೆ ತೀರ ವಿಪರೀತವಾಗಿದ್ದಿತು. ತಣ್ಣನೆಯ ಲೇಪವನ್ನು ಹಚ್ಚಿಸಿಕೊಂಡವರಿಗೆ ನೋವು ಕೊಂಚವೇ ಇದ್ದಿತು, ಊತವಿರಲಿಲ್ಲ, ರಾತ್ರಿ ತಕ್ಕಮಟ್ಟಿಗೆ ನಿದ್ರೆ ಮಾಡಿದ್ದರು. ಕುದಿಯುವ ಎಣ್ಣೆಯನ್ನು ಹೊಯ್ಯಿಸಿಕೊಂಡವರಾದರೋ ಜ್ವರದಿಂದ ಬಳಲುತ್ತ, ಗಾಯದ ಸುತ್ತಲೂ ಊದಿಕೊಂಡು, ನೋವಿನಿಂದ ನರಳುತ್ತಿದ್ದರು. ಬಡಪಾಯಿಗಳಾದ ಗಾಯಾಳುಗಳನ್ನು ಇನ್ನು ಮುಂದೆ ಹೀಗೆ ಕ್ರೂರವಾಗಿ ಎಂದೆಂದಿಗೂ ಸುಡುವುದಿಲ್ಲವೆಂದು ಪಾರೆಯು ಅಂದೇ ನಿಶ್ಚಯಿಸಿದನು.

ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಎಣ್ಣೆಯು ತೀರಿದ್ದು ಆಕಸ್ಮಿಕವು. ಅದು ಯಾರಿಗಾದರೂ ಆಗಬಹುದಾಗಿದ್ದಿತು. ಆದರೆ ಮುಂಜಾನೆ ಎದ್ದು ಹೋಗಿ, ಎರಡು ಸಾಲಿನವರನ್ನೂ ಸಮನಾಗಿ ನೋಡಿ, ಕಂಡುದನ್ನು ಕಂಡಂತೆಯೇ ಒಪ್ಪಿಕೊಂಡುದು ಆಕಸ್ಮಿಕವಲ್ಲ. ಗ್ರಂಥದಲ್ಲಿ ಬರೆದುದು ಒಂದು, ಕಣ್ಣಿಗೆ ಕಂಡುದು ಇನ್ನೊಂದು ಆದಾಗ, ತಾನು ನಿನ್ನೆ ಮಾಡಿದುದು ತಪ್ಪೆಂದು ಹೇಳಿಕೊಳ್ಳಲು ಎಷ್ಟು ದೊಡ್ಡ ಮನಸ್ಸು ಬೇಕು! ಪಾರೆಗೆ ಆಗ ಇಪ್ಪತ್ತೇಳು ವರ್ಷಗಳ ಆಸುಪಾಸು.

ಅದೇ ದಂಡಯಾತ್ರೆಯ ಕಾಲದ ಇನ್ನೊಂದು ಸಂಗತಿಯು ನಮ್ಮ ಅಜ್ಜಿಯಂದಿರ ಗೌರವವನ್ನು ಹೆಚ್ಚಿಸತಕ್ಕದ್ದು. ಮೊಂತೆಜಾನನ ಅಡಿಗೆಮನೆಯ ಹುಡುಗನೊಬ್ಬನು ಕಾದ ಎಣ್ಣೆಯ ಕೊಪ್ಪರಿಗೆಯಲ್ಲಿ ಬಿದ್ದು ಬೆಂದನು. ಪಾರೆಯು ಔಷಧವನ್ನು ತರಲು ಅಂಗಡಿಗೆ ಹೋದಾಗ, ಅಲ್ಲಿದ್ದ ಹಳ್ಳಿಯ ಮುದುಕಿಯೊಬ್ಬಳು, ಹಸಿಯ ಈರುಳ್ಳಿಯನ್ನು ಉಪ್ಪಿನೊಡನೆ ಜಜ್ಜಿ ಹಾಕಿದರೆ ಬೊಬ್ಬೆಗಳೇಳುವುದಿಲ್ಲವೆಂದು ಹೇಳಿದಳು. ಬೇರೊಬ್ಬನಾಗಿದ್ದರೆ ನಕ್ಕುಬಿಡುತ್ತಿದ್ದನು, ಇಲ್ಲವೆ ಕಣ್ಣು ಮುಚ್ಚಿ ನಂಬುತ್ತಿದ್ದನು. ಪಾರೆಯು ಇವೆರಡನ್ನೂ ಮಾಡಲಿಲ್ಲ. ಸುಟ್ಟ ಮೈಯ ಒಂದು ಭಾಗಕ್ಕೆ ಈರುಳ್ಳಿಯನ್ನೂ, ಉಳಿದ ಭಾಗಕ್ಕೆ ವಾಡಿಕೆಯ ಔಷಧವನ್ನೂ ಹಾಕಿ, ಮರುದಿನ ಎರಡನ್ನೂ ಹೋಲಿಸಿ ನೋಡಿದನು. ಈರುಳ್ಳಿ ಹಾಕಿದೆಡೆ ಬೊಬ್ಬೆಗಳಿರಲಿಲ್ಲ, ಇತರೆಡೆ ಎದ್ದಿದ್ದುವು. ಮುಂದೆ ಮದ್ದಿನಿಂದ ಮುಖ ಸುಟ್ಟುಕೊಂಡ ಸಿಪಾಯಿಯೊಬ್ಬನಲ್ಲಿಯೂ ಇದೇ ಬಗೆಯ ಪರೀಕ್ಷೆಯನ್ನು ಮಾಡಿದನು. ಇಂದಿನ ವೈದ್ಯರು ಸುಟ್ಟ ಗಾಯಕ್ಕೆ ಈರುಳ್ಳಿಯನ್ನಾಗಲಿ ಎಣ್ಣೆಯನ್ನಾಗಲಿ ಹಾಕಬಾರದೆಂದೂ, ಕೂಡಲೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕೆಂದೂ ಹೇಳುತ್ತಾರೆ. ನಮ್ಮ ಮಕ್ಕಳು ಅದನ್ನೇ ಅನುಸರಿಸತಕ್ಕದ್ದು. ಪಾರೆಯಿಂದ ನಾವು ಕಲಿಯಬೇಕಾದುದು ಈರುಳ್ಳಿಯನ್ನಲ್ಲ, ಮುದುಕಿಯ ಮಾತನ್ನು ಗೌರವದಿಂದ ಕೇಳಿ ಬಳಿಕ ಪರೀಕ್ಷಿಸಿದ ಆ ಬುದ್ಧಿಯನ್ನು.

ಟ್ಯೂರಿನ್ ನಗರದಲ್ಲಿ ಗುಂಡಿನ ಗಾಯಗಳನ್ನು ವಾಸಿಮಾಡುವುದರಲ್ಲಿ ಹೆಸರಾದ ಒಬ್ಬ ಶಸ್ತ್ರಕಾರನಿದ್ದನು. ಆತನಲ್ಲಿ ಒಂದು ರಹಸ್ಯವಾದ ಎಣ್ಣೆಯಿದ್ದಿತು. ಪಾರೆಯು ಎರಡು ವರ್ಷ ಆತನ ಸ್ನೇಹವನ್ನು ಬೆಳೆಸಿ, ಕಾಣಿಕೆಗಳನ್ನು ಕೊಟ್ಟು, ಕಡೆಗೆ ಆ ರಹಸ್ಯವನ್ನು ಪಡೆದನು. ಆಗತಾನೆ ಹುಟ್ಟಿದ ನಾಯಿಮರಿಗಳನ್ನು ಲಿಲಿ ಹೂವಿನ ಎಣ್ಣೆಯಲ್ಲಿ ಬೇಯಿಸಿ, ಎರೆಹುಳುಗಳನ್ನೂ ಟರ್ಪೆಂಟೈನನ್ನೂ ಸೇರಿಸಿದ ಅಸಹ್ಯವಾದ ಪಾಕವದು! ಪಾರೆಯು ಅದನ್ನು ಬಹುಕಾಲ ನಂಬಿ ಬಳಸಿದನೆಂಬುದನ್ನು ನಾವು ಮರೆಮಾಡುವುದಿಲ್ಲ. ಮಹಾತ್ಮರೂ ತಮ್ಮ ಕಾಲದ ಮಂಜಿನೊಳಗೇ ನಡೆದವರು. ಆದರೆ ಆತನು ಅದನ್ನು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಡದೆ, ತನ್ನ ಗ್ರಂಥದಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದನು. ಬಚ್ಚಿಟ್ಟ ವಿದ್ಯೆಯಲ್ಲಿ ತಪ್ಪಿದ್ದರೆ ತಿದ್ದುವವರಿಲ್ಲ. ಬರೆದಿಟ್ಟ ವಿದ್ಯೆಯನ್ನು ಮುಂದಿನವರು ತಿದ್ದಬಲ್ಲರು. ಕಾಲಕ್ರಮದಲ್ಲಿ ಆ ಪಾಕವು ಬಿಟ್ಟುಹೋಯಿತು. ಸುಡಬಾರದೆಂಬ ಪಾಠವು ಉಳಿಯಿತು.

ಪ್ಯಾರಿಸಿಗೆ ಹಿಂದಿರುಗಿದ ಬಳಿಕ ಪ್ರಸಿದ್ಧ ಪಂಡಿತನಾದ ಸಿಲ್ವಿಯಸನು ಆತನನ್ನು ಊಟಕ್ಕೆ ಕರೆದು, ಈ ಅನುಭವಗಳನ್ನೆಲ್ಲ ಕೇಳಿ, ಗ್ರಂಥವಾಗಿ ಬರೆಯಬೇಕೆಂದು ಒತ್ತಾಯ ಮಾಡಿದನು. 1545ರಲ್ಲಿ ಗುಂಡಿನ ಗಾಯಗಳ ಚಿಕಿತ್ಸೆಯ ಮೇಲೆ ಪಾರೆಯ ಮೊದಲನೆಯ ಪುಸ್ತಕವು ಅಚ್ಚಾಯಿತು. ಅದು ಲ್ಯಾಟಿನಿನಲ್ಲಿರದೆ ಜನರಾಡುವ ಫ್ರೆಂಚಿನಲ್ಲಿದ್ದಿತು. ತಾಯ್ನುಡಿಯಲ್ಲಿ ಬರೆದುದರಿಂದ, ಲ್ಯಾಟಿನ್ ಅರಿಯದ ಊರೂರಿನ ಬಡ ಕ್ಷೌರಿಕ ಶಸ್ತ್ರಕಾರನೂ ಅದನ್ನು ಓದಿಕೊಳ್ಳಬಲ್ಲವನಾದನು. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬೇಕೆಂದು ಹಂಬಲಿಸುವ ನಮಗೆ ಇದೊಂದು ಸವಿಯಾದ ನಿದರ್ಶನವು.

1552ರಲ್ಲಿ ದಾಂವಿಲ್ಲೆರ್ ಎಂಬ ಕೋಟೆಯ ಮುತ್ತಿಗೆಯಲ್ಲಿ ಒಬ್ಬ ಗಣ್ಯನ ಕಾಲು ಫಿರಂಗಿಯ ಗುಂಡಿಗೆ ಸಿಕ್ಕಿ ನುಜ್ಜುಗುಜ್ಜಾಯಿತು. ಕಾಲನ್ನು ಕತ್ತರಿಸಿದಾಗ ರಕ್ತವನ್ನು ನಿಲ್ಲಿಸಲು ಕೆಂಪಗೆ ಕಾದ ಕಬ್ಬಿಣದಿಂದ ಸುಡುವುದು ಅಂದಿನ ವಾಡಿಕೆಯು. ಪಾರೆಯು ಸುಡದೆ, ರಕ್ತ ಹರಿಯುವ ನಾಳಗಳನ್ನು ಹಿಡಿದು ದಾರದಿಂದ ಕಟ್ಟಿದನು. ಗಾಯಾಳುವು ಬದುಕಿ, ಮರದ ಕಾಲಿನಿಂದ ಊರಿಗೆ ಹಿಂದಿರುಗಿದನು. ಹದಿನೈದು ವರ್ಷಗಳ ಹಿಂದೆ ಎಣ್ಣೆಯ ಬೆಂಕಿಯನ್ನು ಬಿಟ್ಟವನು ಈಗ ಕಬ್ಬಿಣದ ಬೆಂಕಿಯನ್ನೂ ಬಿಟ್ಟಂತಾಯಿತು. ಅದೇ ವರ್ಷದ ಕೊನೆಯಲ್ಲಿ ಮೆಟ್ಸ್ ನಗರವನ್ನು ಶತ್ರುಗಳು ಮುತ್ತಿದಾಗ, ಒಳಗಿದ್ದ ಗಾಯಾಳುಗಳಿಗಾಗಿ ದೊರೆಯು ಪಾರೆಯನ್ನು ರಾತ್ರಿಯ ವೇಳೆ ಗುಟ್ಟಾಗಿ ಕೋಟೆಯೊಳಕ್ಕೆ ಕಳುಹಿಸಿಕೊಟ್ಟನು. ಆತನನ್ನು ಕಂಡು ಸಿಪಾಯಿಗಳು, ಇನ್ನು ಗಾಯವಾದರೂ ತಾವು ಸಾಯುವುದಿಲ್ಲವೆಂದು ಸಂತೋಷಪಟ್ಟರಂತೆ. 1553ರಲ್ಲಿ ಎದ್ಯಾಂ ಎಂಬಲ್ಲಿ ಶತ್ರುಗಳ ಕೈಗೆ ಸೆರೆಸಿಕ್ಕಾಗ, ಅವರ ಸರದಾರನೊಬ್ಬನ ಕಾಲಿನ ಹಳೆಯ ಹುಣ್ಣನ್ನು ವಾಸಿಮಾಡಿ, ಅದನ್ನೇ ಬಿಡುಗಡೆಯ ಹಣವಾಗಿ ತೆತ್ತು ಹೊರಬಂದನು. 1554ರಲ್ಲಿ ಶಸ್ತ್ರಕಾರರ ಸಂಘದವರು, ಲ್ಯಾಟಿನ್ ಬಾರದಿದ್ದರೂ, ಆತನನ್ನು ತಮ್ಮಲ್ಲಿ ಒಬ್ಬನನ್ನಾಗಿ ಸೇರಿಸಿಕೊಂಡರು. ಎರಡನೆಯ ಹೆನ್ರಿ, ಎರಡನೆಯ ಫ್ರಾನ್ಸಿಸ್, ಒಂಬತ್ತನೆಯ ಚಾರ್ಲ್ಸ್, ಮೂರನೆಯ ಹೆನ್ರಿ ಎಂಬ ನಾಲ್ವರು ದೊರೆಗಳಿಗೆ ಆತನು ಶಸ್ತ್ರವೈದ್ಯನಾಗಿದ್ದನು.

1561ರಲ್ಲಿ ಕುದುರೆಯು ಒದ್ದುದರಿಂದ ಪಾರೆಯ ಕಾಲಿನ ಎಲುಬು ಮುರಿದು, ಚರ್ಮವನ್ನು ಹರಿದು ಹೊರಬಂದಿತು. ಇತರರ ನೋವನ್ನು ಕಂಡಿದ್ದವನು ಈಗ ಹಾಸಿಗೆಯಲ್ಲಿ ಮಲಗಿ ತನ್ನ ನೋವನ್ನು ಕಂಡನು. ಕಾಲನ್ನು ಕಳೆದುಕೊಳ್ಳದೆ, ಕುಂಟೂ ಆಗದೆ ಎದ್ದನು. ಹಾಸಿಗೆಯ ರೋಗಿಗೆ ಏನು ಬೇಕೆಂಬುದನ್ನು ಆತನು ಆಗ ಇನ್ನೂ ಚೆನ್ನಾಗಿ ಅರಿತಿರಬೇಕು. ಏಕೆಂದರೆ 1569ರಲ್ಲಿ ಆತನು ಮಾಡಿದ ಒಂದು ಶುಶ್ರೂಷೆಯು, ದಾದಿಯರ ವೃತ್ತಿಯನ್ನು ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಓದಿ ತಲೆದೂಗತಕ್ಕದ್ದಾಗಿದೆ.

ಮಾನ್ಸ್ ಪಟ್ಟಣದ ಬಳಿಯಲ್ಲಿ ಶ್ರೀಮಂತ ಮನೆತನದ ಮಾರ್ಕ್ವಿಸನೊಬ್ಬನು ಮೊಣಕಾಲಿನ ಬಳಿ ಗುಂಡು ತಾಗಿ ಏಳು ತಿಂಗಳಿಂದ ಮಲಗಿದ್ದನು. ಪಾರೆಯು ಹೋಗಿ ನೋಡಿದಾಗ ಆತನು ಜ್ವರದಿಂದ ಬಳಲಿ, ಎಲುಬಿನ ಗೂಡಾಗಿ, ಬೆನ್ನಿನಲ್ಲಿ ಹಾಸಿಗೆಹುಣ್ಣಾಗಿ, ಸಾಯುವಂತಿದ್ದನು. ನೋವಾಗುವುದೆಂದು ಹೆದರಿ ಎರಡು ತಿಂಗಳಿಂದ ಹಾಸಿಗೆಯ ಬಟ್ಟೆಯನ್ನು ಬದಲಾಯಿಸಿರಲಿಲ್ಲ. ಅಲ್ಲಿಯೂ ಪ್ರೀತಿಯಿದ್ದಿತು, ಕಣ್ಣಿರಲಿಲ್ಲ! ಪಾರೆಯು ಕಾಲನ್ನು ಕೊಯ್ದು ಕೀವನ್ನು ಹರಿಯಬಿಟ್ಟನು. ಮೆತ್ತನೆಯ ಇನ್ನೊಂದು ಹಾಸಿಗೆಯನ್ನು ಹಾಸಿಸಿ, ಒಗೆದ ಬಟ್ಟೆಗಳನ್ನು ಹೊದಿಸಿ, ರೋಗಿಯನ್ನು ಮೆಲ್ಲನೆ ಅದಕ್ಕೆ ಸಾಗಿಸಿದನು. ನಿದ್ರೆ ಬರಲೆಂದು, ಎತ್ತರದಿಂದ ಪಾತ್ರೆಯೊಳಕ್ಕೆ ನೀರು ತೊಟ್ಟಿಕ್ಕುವಂತೆ ಮಾಡಿ ಮಳೆಯ ಸದ್ದನ್ನು ಹುಟ್ಟಿಸಿದನು. ಹೂಗಳ ಪರಿಮಳವನ್ನೂ, ಹಿತವಾದ ಆಹಾರವನ್ನೂ, ನೋವು ತಗ್ಗಿದ ಮೇಲೆ ಪಿಟೀಲಿನ ಸಂಗೀತವನ್ನೂ, ನಗಿಸುವ ವಿದೂಷಕನನ್ನೂ ಏರ್ಪಡಿಸಿದನು. ಕೆಲವು ವಾರಗಳಲ್ಲಿ ಮಾರ್ಕ್ವಿಸನು ಊರುಗೋಲು ಹಿಡಿದು ನಿಂತನು. ಇಲ್ಲಿ ವಾಸಿಮಾಡಿದುದು ಯಾವ ರಹಸ್ಯದ ಎಣ್ಣೆಯೂ ಅಲ್ಲ. ಕೀವಿಗೆ ದಾರಿ, ಮೈಗೆ ಶುಚಿ, ಹೊಟ್ಟೆಗೆ ಅನ್ನ, ಕಣ್ಣಿಗೆ ನಿದ್ರೆ, ಮನಸ್ಸಿಗೆ ಉಲ್ಲಾಸ ಇವಿಷ್ಟೇ.

ನಮ್ಮ ವಿದ್ಯಾರ್ಥಿನಿಯ ತಂದೆಗಿದ್ದ ಹರ್ನಿಯಾ ವ್ಯಾಧಿಯ ವಿಷಯವಾಗಿಯೂ ಪಾರೆಯು ಬರೆದಿರುವನು. ಆ ಕಾಲದಲ್ಲಿ ಊರೂರು ತಿರುಗುವ ಕೆಲವರು ಈ ರೋಗಿಗಳನ್ನು ಹಣದಾಸೆಯಿಂದ ಕೊಯ್ದು, ಅಂಗಹೀನರನ್ನಾಗಿ ಮಾಡುತ್ತಿದ್ದರು. ಪಾರೆಯು ಅದನ್ನು ಬಲವಾಗಿ ಖಂಡಿಸಿ, ಮೊದಲು ಸೊಂಟದ ಪಟ್ಟಿಯನ್ನು ಕಟ್ಟಿ ನೋಡಬೇಕೆಂದು ಹೇಳಿ, ಅಂತಹ ಪಟ್ಟಿಗಳ ಚಿತ್ರಗಳನ್ನು ಬರೆಯಿಸಿದನು. ಕೊಯ್ಯಲೇಬೇಕಾದರೆ ಚಿನ್ನದ ತಂತಿಯಿಂದ ಆ ದಾರಿಯನ್ನು ಬಿಗಿಯುವ ಕ್ರಮವನ್ನು ವಿವರಿಸಿದನು. ದುರ್ಬಲವಾದ ಗೋಡೆಗೆ ಹೊರಗಿನ ವಸ್ತುವೊಂದನ್ನು ಆಸರೆಯಾಗಿ ಕೊಡುವ ಆಲೋಚನೆಯು ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು.

1575ರಲ್ಲಿ ಆತನ ಸಮಗ್ರ ಕೃತಿಗಳು ದೊಡ್ಡ ಸಂಪುಟವಾಗಿ ಹೊರಬಂದಾಗ, ಲ್ಯಾಟಿನ್ ಅರಿಯದ ಕ್ಷೌರಿಕನು ವೈದ್ಯಶಾಸ್ತ್ರವನ್ನು ಬರೆಯಬಹುದೇ ಎಂದು ಪ್ಯಾರಿಸಿನ ವೈದ್ಯಪಂಡಿತರು ಕೋಪಗೊಂಡರು. ರಕ್ತನಾಳಗಳನ್ನು ಕಟ್ಟುವ ಕ್ರಮವನ್ನು ಗುರ್ಮೆಲೆನ್ ಎಂಬ ಪಂಡಿತನು ಹೀಯಾಳಿಸಿದನು. ಪಾರೆಯು 1585ರಲ್ಲಿ, ತಾನು ಕಂಡ ಯುದ್ಧಗಳನ್ನೂ ಗಾಯಾಳುಗಳನ್ನೂ ಒಂದೊಂದಾಗಿ ವರ್ಣಿಸಿ ಉತ್ತರವನ್ನು ಬರೆದನು. 1590ರ ಡಿಸೆಂಬರ್ 20ರಂದು ಪ್ಯಾರಿಸಿನಲ್ಲಿ ಆತನು ದೈವಾಧೀನನಾದನು. ತಾನು ರೋಗಿಗಳ ಗಾಯವನ್ನು ಕಟ್ಟಿದವನು ಮಾತ್ರ, ವಾಸಿಮಾಡಿದವನು ದೇವರು ಎಂಬ ಭಾವವು ಆತನ ಬರಹದಲ್ಲಿ ಮತ್ತೆ ಮತ್ತೆ ಬರುವುದು. ದೇಶದ ಮಹಾ ಶಸ್ತ್ರವೈದ್ಯನೆನಿಸಿದವನಿಗೂ ಈ ವಿನಯವಿದ್ದಿತು.

ಆದರೆ ಗಾಯವು ಏಕೆ ಕೆಡುವುದೆಂಬುದು ಪಾರೆಗೆ ತಿಳಿಯದೆಯೇ ಹೋಯಿತು. ಅದಕ್ಕಾಗಿ ಲೋಕವು ಇನ್ನೂ ಮುನ್ನೂರು ವರ್ಷಗಳ ಹತ್ತಿರ ಕಾಯಬೇಕಾಯಿತು. ಫ್ರಾನ್ಸಿನ ಲೂಯಿ ಪಾಶ್ಚರನು ಕೊಳೆಯುವಿಕೆಗೆ ಕಣ್ಣಿಗೆ ಕಾಣದ ಕ್ರಿಮಿಗಳು ಕಾರಣವೆಂದು ತೋರಿಸಿದನು. ಅದನ್ನು ಓದಿದ ಜೋಸೆಫ್ ಲಿಸ್ಟರನು 1865ರಿಂದ ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸಿ, 1867ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಆತನೂ ಎಣ್ಣೆಯನ್ನು ಬಳಸಿದನೆಂಬುದು ಸ್ವಾರಸ್ಯವು. ಆಮ್ಲದ ಒಂದು ಪಾಲನ್ನು ಕಾಯಿಸಿದ ಅಗಸೆಯೆಣ್ಣೆಯ ನಾಲ್ಕು ಪಾಲಿನಲ್ಲಿ ಕರಗಿಸಿ ಬಟ್ಟೆಗೆ ಅದ್ದಿ ಹಾಕುತ್ತಿದ್ದನು. ಆದರೆ ಅಲ್ಲಿ ಕ್ರಿಮಿಯನ್ನು ಕೊಲ್ಲುತ್ತಿದ್ದುದು ಆಮ್ಲವು; ಎಣ್ಣೆಯು ಅದನ್ನು ಹೊತ್ತ ವಾಹನ ಮಾತ್ರ.

ಕ್ರಿಮಿಗಳಿಂದ ಗಾಯವನ್ನು ಕಾಪಾಡಲು ಕಲಿತ ಮೇಲೆಯೇ, ಮೈಯೊಳಗೆ ಹೊರಗಿನ ವಸ್ತುವನ್ನು ಇಟ್ಟು ಹೊಲಿಯುವ ಧೈರ್ಯವು ಶಸ್ತ್ರವೈದ್ಯರಿಗೆ ಬಂದಿತು. 1958ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಫ್ರಾನ್ಸಿಸ್ ಅಷರ್ ಎಂಬ ಶಸ್ತ್ರವೈದ್ಯನು ಹರ್ನಿಯಾಕ್ಕೆ ಪ್ಲಾಸ್ಟಿಕ್ ಎಳೆಗಳಿಂದ ನೆಯ್ದ ಬಲೆಯನ್ನು ಬಳಸಿದುದನ್ನು ಪ್ರಕಟಿಸಿದನು. ಇಂದು ಹೆಚ್ಚಾಗಿ ಬಳಸುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಲೆಯನ್ನು. ಬಲೆಯ ಕಣ್ಣುಗಳ ಮೂಲಕ ನಮ್ಮದೇ ಮಾಂಸದ ಎಳೆಗಳು ಬೆಳೆದು ಹೆಣೆದುಕೊಂಡು ಗೋಡೆಯು ಗಟ್ಟಿಯಾಗುವುದು. ಚಪ್ಪರಕ್ಕೆ ಬಳ್ಳಿಯು ಹಬ್ಬಿದಂತೆ ಇದು. ಆದರೆ ಅದೇ ಎಳೆಗಳಿಗೆ ಕ್ರಿಮಿಗಳು ಅಂಟಿಕೊಂಡುವೆಂದರೆ, ಅವು ತಮ್ಮ ಸುತ್ತಲೂ ಲೋಳೆಯ ಪೊರೆಯನ್ನು ಕಟ್ಟಿಕೊಂಡು ಔಷಧಕ್ಕೂ ಜಗ್ಗದೆ ಕುಳಿತುಬಿಡುವುವು. ಆಗ ಕೆಲವು ವೇಳೆ ಬಲೆಯನ್ನೇ ತೆಗೆಯಬೇಕಾಗುವುದು. ಆದುದರಿಂದಲೇ ಇಂತಹ ಗಾಯದ ವಿಷಯದಲ್ಲಿ ಶಸ್ತ್ರವೈದ್ಯರು ಅಷ್ಟೊಂದು ಎಚ್ಚರಿಕೆಯನ್ನು ಹೇಳುವರು.

ಹಾಗಾದರೆ ಗಿಡಮರಗಳ ಎಣ್ಣೆಗಳಲ್ಲಿ ಗುಣವೇ ಇಲ್ಲವೋ? ಹಾಗೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿನ ಕೊಬ್ಬಿನ ಆಮ್ಲಗಳು ಗಾಯದ ಊತದ ಮೇಲೂ ಹೊಸ ಚರ್ಮದ ಬೆಳವಣಿಗೆಯ ಮೇಲೂ ಏನು ಪರಿಣಾಮವನ್ನು ಮಾಡುವುವೆಂದು ವಿಜ್ಞಾನಿಗಳು ಪ್ರಾಣಿಗಳಲ್ಲಿ ಪರೀಕ್ಷಿಸುತ್ತಿರುವರು. ಬೇವಿನ ಕ್ರಿಮಿನಾಶಕ ಗುಣವನ್ನೂ ಪರೀಕ್ಷಿಸಿರುವರು. ಆದರೆ ಪ್ರಯೋಗಶಾಲೆಯಲ್ಲಿ ಅಳೆದು ಶುದ್ಧಿಮಾಡಿದ ಎಣ್ಣೆಯು ಬೇರೆ. ನೂರು ಕೈಗಳು ಮುಟ್ಟಿದ ಕುಡಿಕೆಯಲ್ಲಿ, ಬೆರಳದ್ದಿ ತೆಗೆಯುವ ಗಾಣದ ಎಣ್ಣೆಯು ಬೇರೆ. ಹೊಸ ಹೊಲಿಗೆಯ ಮೇಲೆ ಅದನ್ನು ಹಚ್ಚಿದರೆ ಪಟ್ಟಿಯು ಅಂಟದೆ ಬಿಡುವುದು, ಧೂಳು ಹಿಡಿಯುವುದು, ತೇವವು ನಿಲ್ಲುವುದು, ಬೆರಳಿನ ಕ್ರಿಮಿಗಳಿಗೂ ದಾರಿಯಾಗುವುದು. ಗಾಯವು ಪೂರ್ತಿಯಾಗಿ ಕೂಡಿದ ಬಳಿಕ ಒಣ ಚರ್ಮಕ್ಕೆ ಎಣ್ಣೆಯನ್ನು ಸವರಬಹುದೇ ಎಂಬುದನ್ನೂ ಕೊಯ್ದ ವೈದ್ಯರನ್ನೇ ಕೇಳತಕ್ಕದ್ದು. ಗಾಯವು ಕೆಂಪೇರಿದರೆ, ಊದಿದರೆ, ಕೀವು ಕಂಡರೆ, ಜ್ವರ ಬಂದರೆ, ಮನೆಯಲ್ಲಿ ಮದ್ದನ್ನು ಹುಡುಕದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಗುಡೇಮಾರನಹಳ್ಳಿಯ ಅಜ್ಜಿಗೆ ನಾವು ಈ ಕಥೆಯನ್ನೇ ಬರೆದೆವು. ಮಗನ ಗಾಯವು ಕೆಟ್ಟುದಕ್ಕೆ ಎಣ್ಣೆಯೊಂದೇ ಕಾರಣವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಎಣ್ಣೆ ಮುಟ್ಟದ ಗಾಯಗಳೂ ಕೆಲವು ವೇಳೆ ಕೆಡುವುದುಂಟು. ಹಚ್ಚಬಾರದಾಗಿದ್ದಿತೆಂಬುದು ಮಾತ್ರ ನಿಜವು. ಆದರೆ ಲೋಕವು ಹೊಗಳುವ ಪಾರೆಯೇ ತನ್ನ ಕೈಯಾರೆ ಕುದಿಯುವ ಎಣ್ಣೆಯನ್ನು ಗಾಯಾಳುಗಳಿಗೆ ಹೊಯ್ದವನು. ಆತನು ಆ ಬಳಿಕ ಊಟ ಬಿಟ್ಟು ಕೊರಗುತ್ತ ಕುಳಿತಿದ್ದರೆ ಯಾರಿಗೂ ಉಪಕಾರವಾಗುತ್ತಿರಲಿಲ್ಲ. ಬೆಳಗಾಗುತ್ತಲೆ ಎದ್ದು, ನೋಡಿ, ತಿದ್ದಿಕೊಂಡನು. ತಿದ್ದಿಕೊಂಡ ಕೈಗೆ ಪಾಪದ ಕಲೆಯು ಅಂಟುವುದಿಲ್ಲವೆಂದು ಆಕೆಗೆ ತಿಳಿಸಿದೆವು. ಮೊಮ್ಮಗಳು ಆ ಕಾಗದವನ್ನು ಓದಿ ಹೇಳಿದಳಂತೆ. ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದು, ಆ ದೊರೆಗಳ ವೈದ್ಯನಿಗೂ ಎಣ್ಣೆ ಮುಗಿದುದರಿಂದಲೇ ಬುದ್ಧಿ ಬಂದಿತೇ ಎಂದು ಕೇಳಿ, ಅಂದು ಮುದ್ದೆಯನ್ನು ಉಂಡಳಂತೆ. ಎರಡನೆಯ ಬಾರಿ ಮಗನ ಗಾಯವು ಮಾಯುವವರೆಗೆ, ಪಟ್ಟಿ ಬದಲಾಯಿಸುವವರು ಸೋಪಿನಿಂದ 2 ಬಾರಿ ಕೈ ತೊಳೆದರೇ ಎಂದು ಬಾಗಿಲಲ್ಲಿ ಕುಳಿತು ನೋಡುತ್ತಿದ್ದವಳು ಆ ಅಜ್ಜಿಯೇ ಎಂದು ನಮ್ಮ ವಿದ್ಯಾರ್ಥಿನಿಯು ಬರೆದಿರುವಳು.

ನಮ್ಮ ಶಾಲೆಯಿಂದ ಹೊರಟು ತಾಯಂದಿರೂ ದಾದಿಯರೂ ಉಪಾಧ್ಯಾಯಿನಿಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರೇ, ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ಪೋಷಕರೇ, ಮನೆಯ ರೋಗಿಗಳ ಶುಶ್ರೂಷೆಯು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿಯೇ ಇರುವುದು. ಹಿರಿಯರು ಹೇಳಿದುದನ್ನು ಗೌರವದಿಂದ ಕೇಳಿರಿ. ಆದರೆ ಗಾಯದ ಮೇಲೆ ಹಚ್ಚುವ ಮುನ್ನ ಬಲ್ಲವರನ್ನು ವಿಚಾರಿಸಿರಿ. ತಪ್ಪಾಯಿತೆಂದು ಕಂಡ ದಿನ ಮುಚ್ಚಿಡದೆ ಒಪ್ಪಿಕೊಳ್ಳಿರಿ, ಕೊರಗದೆ ತಿದ್ದಿಕೊಳ್ಳಿರಿ. ನಮ್ಮ ವಿದ್ಯಾರ್ಥಿನಿಲಯದ ಕಪಾಟಿನಲ್ಲಿ ಮೊದಲು ಎಣ್ಣೆಯ ಸೀಸೆಯಿದ್ದ ಸ್ಥಳದಲ್ಲಿ ಈಗ ಸೋಪು, ಶುಚಿಯಾದ ಹತ್ತಿ, ಪಟ್ಟಿಗಳು ಇರುವುವು. ಎಣ್ಣೆಯನ್ನು ನಾವು ಬಿಸಾಡಲಿಲ್ಲ. ಶನಿವಾರದ ದಿನ ಹುಡುಗಿಯರ ತಲೆಗೆ ಹಚ್ಚಲು ಅಡಿಗೆಮನೆಯ ಗೂಡಿನಲ್ಲಿ ಇಟ್ಟಿರುತ್ತೇವೆ.